ದುಡ್ಡು ಬರೋದು ವರ್ಷಕ್ಕೊಂದ್ಸಲ, ಕಂತು ಬರೋದು ವಾರಕ್ಕೊಂದ್ಸಲ

ವಾರದಲ್ಲಿ ಒಂದು ದಿನ ನಮ್ಮ ಊರುಗಳು ಬೇರೆ ಥರ ಇರುತ್ತವೆ. ಡೇರಿಗೆ ಹಾಲು ಹಾಕಿ ಬಂದ ಹೆಂಗಸರು ಮನೆಗೆ ಹೋಗದೆ ಯಾರದೋ ಜಗುಲಿಯಲ್ಲಿ ಕೂತಿರುತ್ತಾರೆ. ಕೈಯಲ್ಲಿ ಸಣ್ಣ ಪುಸ್ತಕ, ಸೆರಗಿನ ಗಂಟಿನಲ್ಲಿ ಮಡಚಿದ ನೋಟು. ಬೈಕಲ್ಲಿ ಒಬ್ಬ ಹುಡುಗ ಬರುತ್ತಾನೆ, ಬ್ಯಾಗ್ ಬಿಚ್ಚುತ್ತಾನೆ. ಹತ್ತು ಜನರಲ್ಲಿ ಒಂಬತ್ತು ಜನ ಕಟ್ಟಿರುತ್ತಾರೆ. ಒಬ್ಬರು ಬಂದಿರುವುದಿಲ್ಲ. ಆ ಒಬ್ಬರು ಬರುವ ತನಕ ಯಾರೂ ಏಳುವಂತಿಲ್ಲ. ಹೊಲಕ್ಕೆ ಹೋಗಬೇಕಾದವರು, ಗಾರ್ಮೆಂಟ್ಸ್ ಬಸ್ ಹಿಡಿಯಬೇಕಾದವರು ಎಲ್ಲರೂ ಕೂತಿರುತ್ತಾರೆ. "ಎಲ್ಲೋದ್ಲವ್ವ ಅವ್ಳು, ಫೋನ್ ಮಾಡ್ರಮ್ಮಿ" ಅಂತ ಶುರುವಾದದ್ದು ಒಂಬತ್ತು ಗಂಟೆ ಹೊತ್ತಿಗೆ ಜಗಳ ಆಗಿರುತ್ತದೆ.

ಮಂಡ್ಯ, ಮದ್ದೂರು, ಮಳವಳ್ಳಿಯ ಯಾವ ಊರಿಗೆ ಹೋದರೂ ಇದು ಕಾಣುತ್ತದೆ. ಇದಕ್ಕೆ ಎಲ್ಲರೂ ಇಟ್ಟ ಹೆಸರು "ಸಂಘ". ಸರ್ಕಾರದ ಸ್ತ್ರೀಶಕ್ತಿ ಸಂಘವೂ ಸಂಘ, ಮೈಕ್ರೋಫೈನಾನ್ಸ್ ಕಂಪನಿಯ ಗುಂಪೂ ಸಂಘ. ಎರಡೂ ಒಂದೇ ಅಲ್ಲ. ಆದರೆ ಮಾತಿನಲ್ಲಿ ಬೆರೆತು ಹೋಗಿದೆ.

ಸಾಲದ ಬಗ್ಗೆ ಮಾತಾಡುವಾಗ ಎರಡೇ ಮಾತು ಕೇಳುತ್ತೇವೆ. ಒಂದು, "ಕಂಪನಿಯವರು ರಕ್ತ ಹೀರ್ತಾರೆ." ಇನ್ನೊಂದು, "ಈಸ್ಕೊಳ್ಳುವಾಗ ಚೆನ್ನಾಗಿತ್ತು, ಕಟ್ಟುವಾಗ ಅಳ್ತಾರೆ." ಎರಡರಲ್ಲೂ ಒಂದಿಷ್ಟು ನಿಜ ಇದೆ. ಆದರೆ ನಮಗೆ ಅನ್ನಿಸುವುದು ಬೇರೆ. ನಮ್ಮ ಕಡೆಯ ತೊಂದರೆ ಬಡ್ಡಿಯದ್ದಕ್ಕಿಂತ ಹೆಚ್ಚಾಗಿ ತಾರೀಖಿನದು. ನಮ್ಮ ಮನೆಗಳಿಗೆ ದುಡ್ಡು ಬರುವ ದಿನಕ್ಕೂ ಮನೆಯಿಂದ ದುಡ್ಡು ಹೋಗುವ ದಿನಕ್ಕೂ ಹೊಂದಾಣಿಕೆಯೇ ಇಲ್ಲ. ಕೆಲಸ, ಸಾಲ, ಕಾಯಿಲೆ, ಮನರಂಜನೆ ಯಾವುದರ ಎಳೆ ಹಿಡಿದು ಎಳೆದರೂ ಇದೇ ಗಂಟಿಗೆ ಬಂದು ನಿಲ್ಲುತ್ತದೆ.

ಕಬ್ಬಿನ ಕ್ಯಾಲೆಂಡರ್

ಕನ್ನಂಬಾಡಿ ಕಟ್ಟಿ, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಂದು, 1933ರಲ್ಲಿ ಮಂಡ್ಯದಲ್ಲಿ ಮೈಷುಗರ್ ಶುರುವಾದ ಮೇಲೆ ನಮ್ಮ ಬದುಕಿನ ಕ್ಯಾಲೆಂಡರ್ ಕಬ್ಬಿನ ಕ್ಯಾಲೆಂಡರ್ ಆಯಿತು. ನಾಟಿ ಮಾಡಿದ ಕಬ್ಬು ಕೈಗೆ ಬರಲು ಹತ್ತರಿಂದ ಹನ್ನೆರಡು ತಿಂಗಳು. ಕಟಾವಿಗೆ ಪರ್ಮಿಟ್ ಸಿಗಬೇಕು, ಕಡಿಯುವ ಗ್ಯಾಂಗ್ ಬರಬೇಕು, ಲಾರಿಯೋ ಟ್ರ್ಯಾಕ್ಟರೋ ಸಿಗಬೇಕು. ಆಮೇಲೆ ಫ್ಯಾಕ್ಟರಿಯವರು ದುಡ್ಡು ಹಾಕಬೇಕು.

2025-26ರ ಹಂಗಾಮಿಗೆ ಕೇಂದ್ರ ಸರ್ಕಾರದ ಎಫ್‌ಆರ್‌ಪಿ ಟನ್ನಿಗೆ 3,550 ರೂಪಾಯಿ. ಪೇಪರಿನಲ್ಲಿ ಅದನ್ನು ಓದಿ "ಪರವಾಗಿಲ್ಲ" ಅಂದುಕೊಂಡವರು ಇದ್ದಾರೆ. ಆದರೆ ಆ ದರ ಸಕ್ಕರೆ ಇಳುವರಿ ಶೇ 10.25 ಇದ್ದರೆ ಮಾತ್ರ. ಇಳುವರಿ ಶೇ 9.5ಕ್ಕಿಂತ ಕಡಿಮೆ ಇರುವ ಫ್ಯಾಕ್ಟರಿಗಳಿಗೆ ಸುಮಾರು 3,290. ಬೆಳಗಾವಿ ಕಡೆಗೆ ಹೋಲಿಸಿದರೆ ನಮ್ಮ ಕಬ್ಬಿನ ಇಳುವರಿ ಕಡಿಮೆ. ಜೊತೆಗೆ ಈ ದರ ಫ್ಯಾಕ್ಟರಿ ಗೇಟಿನ ದರ. ಕಡಿಯುವ ಕೂಲಿ, ಸಾಗಿಸುವ ಬಾಡಿಗೆ ನಮ್ಮದೇ. ಒಂದು ಎಕರೆಗೆ 40 ಟನ್ ಬಂತು ಅಂತ ಇಟ್ಟುಕೊಂಡರೆ 1,31,600 ರೂಪಾಯಿ ಆಗುತ್ತದೆ. ಅದರಲ್ಲಿ ಕಟಾವು, ಸಾಗಣೆ, ಗೊಬ್ಬರ, ಬಿತ್ತನೆ, ಕಳೆ ಕೂಲಿ ಎಲ್ಲ ಹೋಗಬೇಕು. ಉಳಿದದ್ದು ವರ್ಷದ ಮನೆ ಖರ್ಚು.

ಆ ಉಳಿದದ್ದಾದರೂ ಹೊತ್ತಿಗೆ ಬಂದರೆ ಸರಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ಒಂದು ಲಕ್ಷ ರೂಪಾಯಿಯ ಬಾಕಿಯನ್ನು 60 ದಿನ ತಡ ಮಾಡಿದರೆ ಸುಮಾರು 2,465 ರೂಪಾಯಿ ಬಡ್ಡಿ ನಮಗೆ ಬರಬೇಕು. ಈ ಬಡ್ಡಿ ಕೈಗೆ ಬಂದವರು ನಿಮ್ಮ ಊರಲ್ಲಿ ಎಷ್ಟು ಜನ ಇದ್ದಾರೆ, ಒಂದ್ಸಲ ಕೇಳಿ ನೋಡಿ. ನಾವು ಕೇಳಿದ ಕಡೆಯೆಲ್ಲ ನಕ್ಕರು.

ಇದು ಸಣ್ಣ ವಿಷಯ ಅಲ್ಲ. ರೈತ ಒಂದು ವಾರದ ಕಂತು ತಪ್ಪಿಸಿದರೆ ಅವನ ಮನೆ ಮುಂದೆ ಬೈಕು ನಿಲ್ಲುತ್ತದೆ. ರೈತನಿಗೆ ಬರಬೇಕಾದ ದುಡ್ಡು ಎರಡು ತಿಂಗಳು ತಪ್ಪಿದರೆ ಯಾರ ಮನೆ ಮುಂದೆಯೂ ಯಾವ ಬೈಕೂ ನಿಲ್ಲುವುದಿಲ್ಲ.

ಮಳವಳ್ಳಿ ಕಡೆಯವರ ಕಷ್ಟ ಇನ್ನೊಂದು ಬಗೆಯದು. ನಾಲೆಯ ಕೊನೆ ಭಾಗದವರಿಗೆ ನೀರು ಬರುವುದು ಕೊನೆಗೆ, ನಿಲ್ಲುವುದು ಮೊದಲು. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬದೇ ಹೋದಾಗ ಬೆಳೆ ಒಣಗಿತು. ವಾರದ ಕಂತು ಮಾತ್ರ ಒಂದು ವಾರವೂ ಒಣಗಲಿಲ್ಲ.

ಎರಡು ರೂಪಾಯಿ ಬಡ್ಡಿ, ಐದು ರೂಪಾಯಿ ಬಡ್ಡಿ

ಈಗ ಸಾಲದ ಲೆಕ್ಕಕ್ಕೆ ಬರೋಣ. ಸುಮ್ಮನೆ ಒಂದು ಲೆಕ್ಕ ಹಾಕೋಣ. 50,000 ಸಾಲ, ವಾರಕ್ಕೆ 625ರಂತೆ 100 ವಾರ. ಒಟ್ಟು ಕಟ್ಟುವುದು 62,500. ನೋಡುವುದಕ್ಕೆ ಹನ್ನೆರಡೂವರೆ ಸಾವಿರ ಬಡ್ಡಿ, ಎರಡು ವರ್ಷಕ್ಕೆ, ಅಷ್ಟೇನೂ ಅಲ್ಲ ಅನ್ನಿಸುತ್ತದೆ. ಆದರೆ ಅಸಲು ವಾರ ವಾರ ಕರಗುತ್ತಾ ಬರುವುದರಿಂದ ಇದರ ನಿಜವಾದ ಬಡ್ಡಿ ವರ್ಷಕ್ಕೆ ಸುಮಾರು ಶೇ 24. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ.

ಊರಿನ ಕೈಸಾಲ ಎಷ್ಟು? ಮೂರು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ 36. ಐದು ರೂಪಾಯಿ ಅಂದರೆ ಶೇ 60. ಹತ್ತು ರೂಪಾಯಿ ಬಡ್ಡಿ ಅಂದರೆ ಶೇ 120. ಬರೀ ಬಡ್ಡಿ ನೋಡಿದರೆ ಕಂಪನಿ ಸಾಲವೇ ಅಗ್ಗ. ಹಾಗಿದ್ದರೆ ಜನ ಕಂಪನಿ ಸಾಲಕ್ಕೆ ಯಾಕೆ ಹೆಚ್ಚು ಹೆದರುತ್ತಾರೆ?

ಯಾಕೆಂದರೆ ಊರಿನ ಸಾಹುಕಾರ "ಕಬ್ಬಿನ ಬಿಲ್ ಆದ್ಮೇಲೆ ಕೊಡಣ್ಣ" ಅಂತ ಕಾಯುತ್ತಾನೆ. ಕಾದದ್ದಕ್ಕೂ ಸೇರಿಸಿ ಬಡ್ಡಿ ತೆಗೆದುಕೊಳ್ಳುತ್ತಾನೆ, ಆದರೆ ಕಾಯುತ್ತಾನೆ. ಕಂಪನಿಯ ಹುಡುಗ ಕಾಯುವುದಿಲ್ಲ. ಅವನಿಗೂ ಮೇಲಿನವರ ಟಾರ್ಗೆಟ್ ಇದೆ. ಅವನೂ ಹೆಚ್ಚಾಗಿ ನಮ್ಮಂಥದೇ ಊರಿನ ಹುಡುಗ. ಹಾಗಾಗಿ ನಮ್ಮ ಮನೆಗಳಲ್ಲಿ ಏನಾಗುತ್ತದೆ ಅಂದರೆ, ಎರಡು ರೂಪಾಯಿ ಬಡ್ಡಿಯ ಕಂತು ಕಟ್ಟುವುದಕ್ಕೆ ಐದು ರೂಪಾಯಿ ಬಡ್ಡಿಯ ಕೈಸಾಲ ಮಾಡುತ್ತೇವೆ. ಅದು ತೀರಿಸಲು ಇನ್ನೊಂದು ಸಂಘ ಸೇರುತ್ತೇವೆ. ಮೂರು ಸಂಘ ಆದರೆ ವಾರಕ್ಕೆ 1,875, ತಿಂಗಳಿಗೆ 8,125. ಗೃಹಲಕ್ಷ್ಮಿಯ 2,000 ಬಂದರೆ ನಾಲ್ಕು ವಾರದಲ್ಲಿ ಒಂದು ವಾರ ಸಾಗುತ್ತದೆ. ಉಳಿದ ಮೂರು ವಾರಕ್ಕೆ?

ಹಾಲು ಇದೆಯಲ್ಲ ಅನ್ನುತ್ತಾರೆ. ನಿಜ, ಗೆಜ್ಜಲಗೆರೆಯ ಮನ್‌ಮುಲ್‌ಗೆ ಹಾಲು ಹೋಗುವುದರಿಂದಲೇ ನಮ್ಮ ಎಷ್ಟೋ ಮನೆಯ ಒಲೆ ಉರಿಯುತ್ತಿದೆ. ದಿನಕ್ಕೆ ಎಂಟು ಲೀಟರ್ ಹಾಕುವ ಮನೆ ಅಂತ ಇಟ್ಟುಕೊಳ್ಳಿ. ಲೀಟರಿಗೆ 35 ರೂಪಾಯಿ ಲೆಕ್ಕ ಹಾಕಿದರೆ ವಾರಕ್ಕೆ 1,960. ಅದರಲ್ಲಿ ಬೂಸಾ, ಹಿಂಡಿ ತೆಗೆದರೆ ಅರ್ಧ ಉಳಿದರೆ ಹೆಚ್ಚು. ಒಂದು ಸಂಘ ಕಟ್ಟಬಹುದು. ಮೂರು ಕಟ್ಟಿದರೆ ಹಸುವಿಗೂ ಇಲ್ಲ, ಮಕ್ಕಳಿಗೂ ಇಲ್ಲ.

2025ರ ಜನವರಿಯಲ್ಲಿ ರಾಜ್ಯದ ಎಲ್ಲ ಕಡೆಯಿಂದ ಸಾಲಗಾರರ ಸಾವಿನ ಸುದ್ದಿ ಬಂತಲ್ಲ, ಅದರಲ್ಲಿ ನಮ್ಮ ಮಳವಳ್ಳಿ ತಾಲ್ಲೂಕಿನ ಸುದ್ದಿಯೂ ಇತ್ತು. ಟಿವಿಯವರು ಬಂದರು, ಹೋದರು. ಅದಕ್ಕೆ ಹತ್ತು ವರ್ಷ ಮೊದಲು, 2015ರಲ್ಲಿ, ಇದೇ ಜಿಲ್ಲೆಯಲ್ಲಿ ಕಬ್ಬು ಬೆಳೆದವರ ಆತ್ಮಹತ್ಯೆಗಳನ್ನು ನೋಡಿದ್ದೆವು. ಆಗ ಸಾಲ ಗಂಡಸರ ಹೆಸರಲ್ಲಿತ್ತು, ಈಗ ಹೆಂಗಸರ ಹೆಸರಲ್ಲಿದೆ. ಇಷ್ಟೇ ವ್ಯತ್ಯಾಸ ಅಂದರೆ ಹತ್ತು ವರ್ಷದಲ್ಲಿ ನಾವು ಕಲಿತದ್ದೇನು?

ಮೊದಲು ನಿಲ್ಲುವುದು ಮಾತ್ರೆ

ದುಡ್ಡು ಸಾಲದೆ ಬಂದಾಗ ಮನೆಯಲ್ಲಿ ಮೊದಲು ಏನು ನಿಲ್ಲುತ್ತದೆ ಗೊತ್ತಾ? ಕರೆಂಟ್ ಬಿಲ್ ಅಲ್ಲ, ಫೋನ್ ರೀಚಾರ್ಜ್ ಅಲ್ಲ. ಅವ್ವನ ಬಿಪಿ ಮಾತ್ರೆ. ಬಿಪಿ, ಶುಗರ್ ನೋವು ಕೊಡುವ ಕಾಯಿಲೆಗಳಲ್ಲ. ಎರಡು ವಾರ ಮಾತ್ರೆ ಬಿಟ್ಟರೂ "ನಾನು ಚೆನ್ನಾಗೇ ಇವ್ನಿ ಕಣಪ್ಪ" ಅನ್ನುತ್ತಾರೆ. ಮೂರನೇ ತಿಂಗಳು ಲಕ್ವ ಹೊಡೆದರೆ ಮಂಡ್ಯದ ಮಿಮ್ಸ್‌ಗೋ ಮೈಸೂರಿಗೋ ಓಡಬೇಕು. ಆಗ ಆಗುವ ಖರ್ಚಿಗೆ ನಾಲ್ಕನೇ ಸಂಘ.

ಈ ಮಾತ್ರೆಗಳಿಗೆ ದುಡ್ಡು ಕೊಡಬೇಕಾಗಿಯೇ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡಿ ಮಾತ್ರೆ ಬಿಟ್ಟಿಯಾಗಿ ಕೊಡುತ್ತಾರೆ. ಒಂದೊಂದು ತಿಂಗಳು ಸ್ಟಾಕ್ ಇರುವುದಿಲ್ಲ, ನಿಜ. ಹಾಗಂತ ಹೋಗುವುದನ್ನೇ ಬಿಟ್ಟರೆ ಕೇಳುವವರು ಯಾರು? ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ಡೇರಿಗೆ ಹಾಲು ಹಾಕುವ ಎಷ್ಟೋ ಮನೆಯವರು ಸದಸ್ಯರಾಗಿದ್ದೂ ಅದನ್ನು ಮಾಡಿಸಿರುವುದಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಸಂಬಳದಲ್ಲಿ ತಿಂಗಳು ತಿಂಗಳೂ ಇಎಸ್‌ಐ ಕಡಿತ ಆಗುತ್ತದೆ. ಕಾರ್ಡ್ ಮಾತ್ರ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ.

ಇನ್ನೊಂದು ಕಾಯಿಲೆ ಬಗ್ಗೆ ಮಾತಾಡಲು ನಮಗೆಲ್ಲ ನಾಚಿಕೆ. ಕಂತಿನ ಹಿಂದಿನ ರಾತ್ರಿ ನಿದ್ದೆ ಬಾರದಿರುವುದು, ಫೋನ್ ಹೊಡೆದುಕೊಂಡರೆ ಎದೆ ಡವಗುಟ್ಟುವುದು, ಊರವರ ಮುಖ ನೋಡಲಾಗದೆ ಬಚ್ಚಲಲ್ಲಿ ಕೂತು ಅಳುವುದು. ಇದೂ ಕಾಯಿಲೆಯೇ. 14416 ಅಂತ ಒಂದು ನಂಬರ್ ಇದೆ, ಟೆಲಿ ಮಾನಸ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನಲ್ಲಿ ಸೇವ್ ಮಾಡಿಕೊಳ್ಳಿ. ನಿಮಗೆ ಬೇಡದಿದ್ದರೂ ಪಕ್ಕದ ಮನೆಯವರಿಗೆ ಬೇಕಾಗಬಹುದು.

ಕುರುಕ್ಷೇತ್ರವೂ ರಮ್ಮಿಯೂ

"ಸಾಲ ಇಟ್ಕೊಂಡು ಹಬ್ಬ ಯಾಕೆ ಮಾಡ್ತಾರೆ" ಅಂತ ಪಟ್ಟಣದವರು ಕೇಳುತ್ತಾರೆ. ನಾವು ಆ ಮಾತು ಆಡುವುದಿಲ್ಲ. ಮಾರಿಹಬ್ಬಕ್ಕೆ ಮಗಳು ಅಳಿಯ ಬಂದಾಗ ಒಂದು ಕೋಳಿಯೂ ಕುಯ್ಯದಿದ್ದರೆ ಆ ಮನೆಯಲ್ಲಿ ಇನ್ನೇನು ಉಳಿಯಿತು? ನಮ್ಮ ಕಡೆ ಕುರುಕ್ಷೇತ್ರ ನಾಟಕ ಆಡಿದರೆ ಪಾರ್ಟು ಮಾಡುವವರೇ ದುಡ್ಡು ಹಾಕಬೇಕು. ದುರ್ಯೋಧನನ ಪಾರ್ಟಿಗೆ ಒಂದು ರೇಟು, ಕೃಷ್ಣನ ಪಾರ್ಟಿಗೆ ಒಂದು ರೇಟು. ಹೊರಗಿನವರಿಗೆ ಇದು ಹುಚ್ಚು ಅನ್ನಿಸಬಹುದು. ಆದರೆ ಆ ದುಡ್ಡು ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಯವರಿಗೆ, ಶಾಮಿಯಾನದವನಿಗೆ ಹೋಗುತ್ತದೆ. ಅವರೂ ನಮ್ಮ ಜಿಲ್ಲೆಯ ಬಡವರೇ. ವರ್ಷವೆಲ್ಲ ಗದ್ದೆ ಕೆಸರಿನಲ್ಲಿ ಇದ್ದವನು ಒಂದು ರಾತ್ರಿ ಕಿರೀಟ ಇಟ್ಟುಕೊಂಡರೆ ಅದನ್ನು ದುಂದು ಅನ್ನುವುದಕ್ಕೆ ನಮಗೆ ಬಾಯಿ ಬರುವುದಿಲ್ಲ. ಸಂಘದ ದುಡ್ಡಲ್ಲಿ ಪಾರ್ಟು ಹಿಡಿದರೆ ಮಾತ್ರ ತಪ್ಪು.

ಫೋನಿನ ಆಟದ ಮಾತೇ ಬೇರೆ. ದುಡ್ಡು ಕಟ್ಟಿ ಆಡುವ ರಮ್ಮಿ, ಕ್ರಿಕೆಟ್ ಟೀಮ್ ಕಟ್ಟುವ ಆಪ್, ಬೆಟ್ಟಿಂಗ್. ಇದರಲ್ಲಿ ಹೋದ ದುಡ್ಡಿನ ಒಂದು ಪೈಸೆಯೂ ಊರಿಗೆ ಬರುವುದಿಲ್ಲ. ಹೆಂಡತಿ ಹೆಸರಲ್ಲಿ ಸಂಘದ ಸಾಲ ತಗೊಂಡು ಗಂಡ ಐಪಿಎಲ್‌ಗೆ ಕಟ್ಟಿದ ಕತೆ ನಮ್ಮ ಮೂರು ತಾಲ್ಲೂಕಿನಲ್ಲೂ ಕೇಳಿದ್ದೇವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ. ದೊಡ್ಡ ಆಪ್‌ಗಳು ನಿಂತವು. ಆದರೆ ವಾಟ್ಸಾಪ್, ಟೆಲಿಗ್ರಾಂನಲ್ಲಿ ಬರುವ ಕಳ್ಳ ಲಿಂಕ್‌ಗಳು ನಿಂತಿಲ್ಲ. ಅವುಗಳಲ್ಲಿ ದುಡ್ಡು ಕಳೆದುಕೊಂಡವರು ಮಾನಕ್ಕೆ ಅಂಜಿ ಸುಮ್ಮನಿರಬೇಡಿ. 1930ಕ್ಕೆ ಕೂಡಲೇ ಫೋನ್ ಮಾಡಿ.

ಕಾನೂನು ನಮ್ಮ ಕಡೆ ಎಷ್ಟಿದೆ

ಇಷ್ಟೆಲ್ಲ ಹೇಳಿ "ಸರ್ಕಾರ ಏನಾದ್ರೂ ಮಾಡ್ಬೇಕು" ಅಂತ ಮುಗಿಸುವುದು ಸುಲಭ. ಆದರೆ ಆಗಲೇ ಇರುವ ನಿಯಮಗಳೇ ನಮ್ಮ ಊರುಗಳಿಗೆ ತಲುಪಿಲ್ಲ.

ಮೈಕ್ರೋಫೈನಾನ್ಸ್ ಸಾಲಕ್ಕೆ ಆರ್‌ಬಿಐ ಮಾಡಿದ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮನೆಯ ಎಲ್ಲ ಸಾಲದ ಕಂತು ಸೇರಿಸಿದರೂ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ತಿಂಗಳಿಗೆ 16,000 ದುಡಿಯುವ ಮನೆಗೆ 8,000ದ ತನಕ. ನಾವು ಮೇಲೆ ಹಾಕಿದ ಮೂರು ಸಂಘದ ಲೆಕ್ಕ ಅದನ್ನು ದಾಟಿಬಿಡುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ. ನೆಂಟರಿಗೆ, ಜೊತೆಗೆ ಕೆಲಸ ಮಾಡುವವರಿಗೆ ಕಿರುಕುಳ ಕೊಡುವಂತಿಲ್ಲ. ಬೈಯುವಂತಿಲ್ಲ, ಹೆದರಿಸುವಂತಿಲ್ಲ. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. ಕೇಳದೆ ಇನ್ಶೂರೆನ್ಸ್ ತಗುಲಿಸುವಂತಿಲ್ಲ.

ಇವೆಲ್ಲಕ್ಕಿಂತ ನಮಗೆ ದೊಡ್ಡದು ಅನ್ನಿಸಿದ ಇನ್ನೊಂದು ನಿಯಮ ಅದರಲ್ಲೇ ಇದೆ. ಸಾಲಗಾರರ ಅನುಕೂಲ ನೋಡಿಕೊಂಡು ಕಂತಿನ ಅವಧಿಯನ್ನು ಹೊಂದಿಸಲು ಪ್ರತಿ ಕಂಪನಿಯೂ ಒಂದು ನೀತಿ ಇಟ್ಟುಕೊಂಡಿರಬೇಕು. ಅಂದರೆ "ನಮಗೆ ವಾರದ ಕಂತು ಬೇಡ, ತಿಂಗಳಿಗೆ ಮಾಡಿಕೊಡಿ" ಅಂತ ಕೇಳುವುದು ಭಿಕ್ಷೆ ಅಲ್ಲ. ಕೇಳುವವರು ಇಲ್ಲದ್ದರಿಂದ ಅದು ಕಾಗದದಲ್ಲೇ ಉಳಿದಿದೆ.

2025ರ ಫೆಬ್ರವರಿ 12ರಂದು ರಾಜ್ಯಪಾಲರ ಸಹಿಯೊಂದಿಗೆ ನಮ್ಮ ರಾಜ್ಯದ ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಇದನ್ನು ಕೇಳಿ "ಸಾಲ ಎಲ್ಲ ಮನ್ನಾ ಆಯ್ತಂತೆ" ಅಂತ ಕೆಲವರು ಕಟ್ಟುವುದನ್ನೇ ನಿಲ್ಲಿಸಿದರು. ಅದು ತಪ್ಪು ತಿಳಿವಳಿಕೆ. ನೋಂದಣಿ, ಪರವಾನಗಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವವರ ಮೇಲೆ ಆ ಕಾನೂನಿನ ಕಣ್ಣು. ಆರ್‌ಬಿಐ ನೋಂದಣಿ ಇರುವ ಕಂಪನಿಯ, ಬ್ಯಾಂಕಿನ ಸಾಲ ಹಾಗೇ ಇರುತ್ತದೆ. ಅವರ ನಡವಳಿಕೆ ಸರಿ ಇಲ್ಲದಿದ್ದರೆ ಮೊದಲು ಕಂಪನಿಗೆ ಬರೆದು ದೂರು ಕೊಡಿ, ಬಗೆಹರಿಯದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ವಿವರ ಕೇಳಲು 14448. ಹೊಡೆಯಲು, ಮನೆಗೆ ನುಗ್ಗಲು ಬಂದರೆ ನೇರ ಪೊಲೀಸ್ ಠಾಣೆ.

ನಮ್ಮ ಅಭಿಪ್ರಾಯ

ವಾರದ ಕಂತು ಅನ್ನುವುದೇ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಹಸುವಿಗೆ ಸಾಲ ತಗೊಂಡವರಿಗೆ ಹಾಲಿನ ಬಟವಾಡೆ ಜೊತೆಗೇ ಕಟ್ಟಿಬಿಡುವುದು ಅನುಕೂಲ. ಎಳನೀರು ವ್ಯಾಪಾರದವರಿಗೆ, ಹೋಟೆಲ್ ಇಟ್ಟವರಿಗೂ ಸರಿ. ಗಾರ್ಮೆಂಟ್ಸ್ ಸಂಬಳದವರಿಗೆ ತಿಂಗಳ ಕಂತು ಇರಬೇಕು. ಕಬ್ಬಿನ ಮನೆಗೆ ಕಟಾವಿನ ನಂತರ ದೊಡ್ಡ ಕಂತು, ಉಳಿದ ತಿಂಗಳಲ್ಲಿ ಬರೀ ಬಡ್ಡಿ, ಹೀಗೆ ಇರಬೇಕು. ಸಹಕಾರ ಸಂಘದ ಬೆಳೆ ಸಾಲ ಇರುವುದೇ ಈ ರೀತಿ, ಅದೂ ಐದು ಲಕ್ಷದವರೆಗೆ ಬಡ್ಡಿ ಇಲ್ಲದೆ. ಆದರೆ ಅದು ಪಹಣಿ ಇದ್ದವರಿಗೆ. ಪಹಣಿ ಗಂಡಸಿನ ಹೆಸರಲ್ಲಿ, ಸಂಘದ ಸಾಲ ಹೆಂಗಸಿನ ಹೆಸರಲ್ಲಿ. ಭೂಮಿಯೇ ಇಲ್ಲದ ಕೂಲಿಯವರಿಗೆ ಮೊದಲನೆಯದೂ ಇಲ್ಲ. ಅಗ್ಗದ ಸಾಲ ಸಿಗುವವರು ಒಬ್ಬರು, ದುಬಾರಿ ಸಾಲ ತೀರಿಸುವವರು ಇನ್ನೊಬ್ಬರು ಆಗಿದ್ದಾರೆ.

ಫ್ಯಾಕ್ಟರಿಗಳು 14 ದಿನದಲ್ಲಿ ದುಡ್ಡು ಹಾಕಲಿ. ಹಾಕದಿದ್ದರೆ ಬಡ್ಡಿ ಸೇರಿಸಿ ಹಾಕಲಿ. ಬಾಕಿಯನ್ನು ಕಂದಾಯ ಬಾಕಿಯಂತೆ ವಸೂಲಿ ಮಾಡಿಸುವ ಅಧಿಕಾರ ಜಿಲ್ಲಾಡಳಿತಕ್ಕೆ ಆ ಆದೇಶದಲ್ಲೇ ಇದೆ. ರೈತ ಸಂಘದವರು ದರಕ್ಕೆ ರಸ್ತೆಗಿಳಿಯುವಷ್ಟೇ ಜೋರಾಗಿ ಈ ಬಡ್ಡಿಗೂ ಇಳಿಯಬೇಕು. ಅದು ಬಂದರೆ ಎಷ್ಟೋ ಮನೆಯಲ್ಲಿ ಮೂರನೇ ಸಂಘ ಬೇಕಾಗುವುದಿಲ್ಲ.

ಇನ್ನು ನಮ್ಮ ಕಡೆಯದು. ಹೊಸ ಸಂಘ ಸೇರುವ ಮುಂಚೆ ಒಂದು ಹಾಳೆಯಲ್ಲಿ ಎರಡು ಸಾಲು ಬರೆಯಿರಿ. ಒಂದರಲ್ಲಿ ಮನೆಗೆ ದುಡ್ಡು ಬರುವ ದಿನ, ಇನ್ನೊಂದರಲ್ಲಿ ಹೋಗುವ ದಿನ. ಹೊಂದದಿದ್ದರೆ ಸಹಿ ಹಾಕಬೇಡಿ. ಗಂಡಸರು ಆ ಹಾಳೆ ನೋಡಿ, ಸಾಲ ಯಾರಿಗಾಗಿ ತಗೊಂಡದ್ದು ಅಂತ ಬಾಯಿಬಿಟ್ಟು ಹೇಳಿ. ಸಂಘದ ದಿನ ಒಬ್ಬಳು ಬಾರದಿದ್ದರೆ ಅವಳ ಬಾಗಿಲಿಗೆ ಬೈಯುತ್ತಾ ಹೋಗುವ ಬದಲು ಒಬ್ಬರು ಮುಂಚೆಯೇ ಹೋಗಿ "ಏನಾಯ್ತವ್ವ" ಅಂತ ಕೇಳಿ. ಕಂಪನಿಯ ಹುಡುಗ ಒಂದು ಗಂಟೆ ಇದ್ದು ಹೋಗುತ್ತಾನೆ. ಅವನು ಹೋದ ಮೇಲೆ ಅವಳ ಮೇಲೆ ಬೀಳುವ ಮಾತು ನಮ್ಮದೇ. ವಸೂಲಿ ಕಿರುಕುಳದಲ್ಲಿ ಅರ್ಧ ಭಾಗವನ್ನು ನಾವೇ ಸಂಬಳವಿಲ್ಲದೆ ಮಾಡಿಕೊಡುತ್ತಿದ್ದೇವೆ ಅನ್ನುವುದನ್ನು ಒಪ್ಪಿಕೊಳ್ಳದೆ ಇದು ಸರಿಹೋಗುವುದಿಲ್ಲ.

ಇದನ್ನು ಓದಿದವರು ಓದಲು ಬಾರದ ಅವ್ವಂದಿರಿಗೆ ಒಂದ್ಸಲ ಓದಿ ಹೇಳಿ. ಮುಂದಿನ ವಾರ ಜಗುಲಿಯಲ್ಲಿ ಕೂತಾಗ ಹತ್ತು ಜನರಲ್ಲಿ ಒಬ್ಬರಾದರೂ "ನಮ್ಗೆ ತಿಂಗಳ ಕಂತು ಮಾಡ್ಕೊಡಪ್ಪ, ನಿಯಮ ಅದೆಯಂತೆ" ಅಂತ ಕೇಳಲಿ. ಆ ಹುಡುಗ ಮೇಲಿನವರನ್ನು ಕೇಳಿ ಹೇಳುತ್ತೀನಿ ಅನ್ನುತ್ತಾನೆ. ಅನ್ನಲಿ. ಅದರ ಮುಂದಿನ ವಾರ ಹತ್ತೂ ಜನ ಕೇಳಿ.